ಆಭರಣವೂ ಅದನ್ನು ಮಾಡಿದ ಕೈಯೂ

ಕೃತಿಯನ್ನು ಮೆಚ್ಚಿ ಕರ್ತೃವನ್ನು ಹೀನೈಸುವುದು ನ್ಯಾಯವೇ ಎಂಬ ಪ್ರಶ್ನೆಯು ಬಹಳ ಹಳೆಯದು. ಗ್ರೀಕ್ ಗ್ರಂಥಕಾರನಾದ ಪ್ಲೂಟಾರ್ಕನು ಪೆರಿಕ್ಲಿಸನ ಜೀವನಚರಿತ್ರೆಯ ಪ್ರಾರಂಭದಲ್ಲಿಯೇ ಅದನ್ನು ಎತ್ತಿಕೊಂಡಿದ್ದಾನೆ. ಸುಗಂಧದ್ರವ್ಯವನ್ನೂ ಬಣ್ಣದ ಬಟ್ಟೆಯನ್ನೂ ಎಲ್ಲರೂ ಇಷ್ಟಪಡುತ್ತಾರೆ. ಆದರೆ ಅವುಗಳನ್ನು ಸಿದ್ಧಪಡಿಸುವವರನ್ನು ಮಾತ್ರ ಕೀಳೆಂದೇ ಎಣಿಸುತ್ತಾರೆ ಎಂದು ಹೇಳಿ, ಅದರಲ್ಲಿ ಅನುಚಿತವೇನೂ ಇಲ್ಲವೆಂಬಂತೆ ಅವನು ಮುಂದೆ ಸಾಗುತ್ತಾನೆ. ಫಿಡಿಯಾಸನು ನಿರ್ಮಿಸಿದ ದೇವಮೂರ್ತಿಯನ್ನು ಕಂಡು ಬೆರಗಾದ ಮಾತ್ರಕ್ಕೆ, ಸತ್ಕುಲದ ತರುಣನಾವನೂ ತಾನೂ ಫಿಡಿಯಾಸನಾಗಬೇಕೆಂದು ಬಯಸಲಾರನೆಂಬುದು ಅವನ ವಾದ. ಪ್ಲೂಟಾರ್ಕನು ವಿವೇಕಿ, ಅವನ ಮಾತಿಗೆ ಇಂದಿಗೂ ಗೌರವವುಂಟು. ಆದರೆ ಈ ಒಂದೆಡೆಯಲ್ಲಿ ಅವನು ತನ್ನ ಕಾಲದ ವಾಡಿಕೆಯನ್ನೇ ಧರ್ಮವೆಂದು ಭಾವಿಸಿದನೋ ಏನೋ ಎಂಬ ಸಂದೇಹಕ್ಕೆ ಅವಕಾಶವಿದೆ. ಈ ವಾದವು ಎಷ್ಟು ದೂರ ನಿಲ್ಲಬಲ್ಲುದೆಂಬುದನ್ನು ಪರೀಕ್ಷಿಸುವುದಕ್ಕೆ ದೇವಮೂರ್ತಿಗಿಂತಲೂ ಸಣ್ಣದೊಂದು ವಸ್ತು, ಇಥಿಯೋಪಿಯದ ಹೆಂಗಸರು ಮುಡಿಗೆ ಸಿಕ್ಕಿಸುತ್ತಿದ್ದ ಬೆಳ್ಳಿಯ ಸೂಜಿ, ಹೆಚ್ಚು ತಕ್ಕದ್ದಾಗಿದೆ.

ಹಿಂದೆ ಅಬಿಸೀನಿಯವೆಂದು ಹೆಸರಾಗಿದ್ದ ಈ ದೇಶದ ಜನರು ಕನ್ನಡ ನಾಡಿಗೆ ತೀರ ಅಪರಿಚಿತರಲ್ಲ. ಹಬಶಿಗಳೆಂಬ ಹೆಸರಿನಿಂದ ಅವರು ದಖ್ಖಣದ ಸುಲ್ತಾನರ ದರಬಾರುಗಳಲ್ಲಿ ದೊಡ್ಡ ಪದವಿಗಳಿಗೇರಿದ್ದರು. ವಿಜಾಪುರದಲ್ಲಿ ಇಖ್ಲಾಸಖಾನನು ಮಂತ್ರಿಯಾಗಿದ್ದನು. ಆದರೆ ಆ ನಾಡಿನ ಮನೆಗಳೊಳಗಿನ ಬಾಳು ಎಂತಹುದು, ಅಲ್ಲಿನ ಹೆಂಗಸರು ಹೇಗೆ ಹೆರಳು ಹಾಕಿಕೊಳ್ಳುತ್ತಿದ್ದರು ಎಂಬುದು ಇಲ್ಲಿನವರಿಗೆ ಅಷ್ಟಾಗಿ ತಿಳಿಯದು. ಉತ್ತರದ ಎತ್ತರದ ಸೀಮೆಯಾದ ತಿಗ್ರೆಯಲ್ಲಿಯೂ ಅಮ್ಹಾರರ ನಾಡಿನಲ್ಲಿಯೂ ಕೂದಲನ್ನು ಹಣೆಯಿಂದ ಹಿಂದಕ್ಕೆ ತಲೆಗಂಟಿಕೊಂಡಂತೆ ಸಾಲುಸಾಲಾಗಿ ಹೆಣೆದು, ಕತ್ತಿನ ಹತ್ತಿರ ಬಿಡಿಯಾಗಿ ಹರಡುವರು. ಇದಕ್ಕೆ ಶುರುಬಾ ಎಂದು ಹೆಸರು. ಒಮ್ಮೆ ಹೆಣೆದ ತಲೆಯನ್ನು ಬೆಣ್ಣೆ ಸವರಿ ಹಲವು ದಿವಸ ಹಾಗೆಯೇ ಕಾಪಾಡಿಕೊಳ್ಳುವರು. ಪೂರ್ವದ ಕೋಟೆಪಟ್ಟಣವಾದ ಹರಾರಿನಲ್ಲಿ ಮದುವೆಯಾದ ಹೆಂಗಸರು ಕೂದಲನ್ನು ಎರಡು ಪಾಲು ಮಾಡಿ, ಕಿವಿಗಳ ಹಿಂದೆ ಎರಡು ಗಂಟುಗಳನ್ನಾಗಿ ಕಟ್ಟಿ, ಗುಫ್ತಾ ಎಂಬ ಬಲೆಯಿಂದ ಮುಚ್ಚುತ್ತಾರೆ. ಹೆರಳು ಹೆಂಗಸರ ಸೊತ್ತು ಮಾತ್ರವೂ ಆಗಿರಲಿಲ್ಲ. ಯುದ್ಧವೀರರೂ ಹೆಣೆದ ತಲೆಯಿಂದ ಮೆರೆಯುತ್ತಿದ್ದರು. ಚಕ್ರವರ್ತಿ ತೆವೊದ್ರೋಸನ ಹೆಣೆದ ಜಡೆಗಳು ಅವನ ಚಿತ್ರಗಳಲ್ಲೆಲ್ಲ ಕಾಣಬರುತ್ತವೆ.

ಇಂತಹ ತಲೆಗೆ ಸೂಜಿಯು ಅಲಂಕಾರವೂ ಹೌದು, ಉಪಕರಣವೂ ಹೌದು. ಗಂಟನ್ನು ಹಿಡಿದು ನಿಲ್ಲಿಸುವುದು ಒಂದು ಕೆಲಸ. ಹೆಣಿಗೆಯು ಕೆಡದಂತೆ ನೆತ್ತಿಯ ತುರಿಕೆಯನ್ನು ಕಳೆಯುವುದು ಇನ್ನೊಂದು. ಎರಡನೆಯದನ್ನು ಕೇಳಿ ನಗಬೇಕಾದುದಿಲ್ಲ. ವಾರಗಟ್ಟಲೆ ಬಿಚ್ಚದ ಹೆರಳನ್ನು ಹೊತ್ತವರಿಗೆ ಅದರ ಬೆಲೆ ಗೊತ್ತು. ಇದೇ ಜಾತಿಗೆ ಸೇರಿದ ಇನ್ನೊಂದು ವಸ್ತುವೆಂದರೆ ಕೊರಳ ದಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಗುಗ್ಗೆಕಡ್ಡಿ. ಕಿವಿಯನ್ನು ಶುಚಿಮಾಡುವ ಅಂಗುಲ ಎರಡಂಗುಲದ ಬೆಳ್ಳಿಕಡ್ಡಿಯ ತಲೆಯ ಮೇಲೆ ಶಿಲುಬೆಯನ್ನೋ ಕಿರೀಟವನ್ನೋ ಎಷ್ಟು ನಾಜೂಕಾಗಿ ಕೂಡಿಸಿರುವರೆಂದರೆ, ಉಪಯೋಗವು ಎಲ್ಲಿ ಮುಗಿದು ಸೌಂದರ್ಯವು ಎಲ್ಲಿ ಮೊದಲಾಯಿತೆಂದು ಗೆರೆಯೆಳೆದು ತೋರಿಸುವುದು ಕಷ್ಟ.

ಆ ಬೆಳ್ಳಿಯು ಎಲ್ಲಿಂದ ಬರುತ್ತಿತ್ತು ಎಂಬುದು ಸ್ವಾರಸ್ಯವಾದ ವಿಷಯ. ಹದಿನೆಂಟನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಅದರ ಬಹುಭಾಗವು ನಾಣ್ಯರೂಪದಲ್ಲಿ ಬಂದಿತು. ಆಸ್ಟ್ರಿಯದ ರಾಣಿ ಮರಿಯಾ ತೆರೇಸಳ ಮುದ್ರೆಯುಳ್ಳ ಥಾಲರ್ ಎಂಬ ದೊಡ್ಡ ರೂಪಾಯಿಯೇ ಆ ನಾಣ್ಯ. ರಾಣಿಯು 1780ರಲ್ಲಿ ತೀರಿಕೊಂಡಳು. ಆಮೇಲೆ ಎಷ್ಟು ವರ್ಷಗಳು ಕಳೆದರೂ ಅದೇ ಇಸವಿಯನ್ನೇ ಕೆತ್ತಿ ಆ ನಾಣ್ಯವನ್ನು ಅಚ್ಚುಹಾಕುತ್ತಲೇ ಬಂದರು. ಏಕೆಂದರೆ ಕೆಂಪು ಸಮುದ್ರದ ಎರಡು ದಡಗಳ ಜನರೂ ಬೇರೆ ಮುಖದ ನಾಣ್ಯವನ್ನು ನಂಬುತ್ತಿರಲಿಲ್ಲ. ರಾಣಿಯ ಮುಡಿಯ ಪಟ್ಟಿಯಲ್ಲಿ ಒಂಬತ್ತು ಮುತ್ತುಗಳು ಸ್ಪಷ್ಟವಾಗಿವೆಯೇ ಎಂದು ಎಣಿಸಿ ನೋಡಿಯೇ ತೆಗೆದುಕೊಳ್ಳುತ್ತಿದ್ದರಂತೆ. ನಾಣ್ಯದ ತೂಕ 28 ಗ್ರಾಮಿಗೆ ತುಸು ಮೇಲೆ, ಎಂದರೆ ಹತ್ತಿರ ಹತ್ತಿರ ಎರಡೂವರೆ ತೊಲೆ. ಅದರಲ್ಲಿ ನೂರಕ್ಕೆ 83 ಪಾಲು ಬೆಳ್ಳಿ, ಉಳಿದುದು ತಾಮ್ರ. ಅಮ್ಹಾರಿಕ್ ಭಾಷೆಯಲ್ಲಿ ಬೆಳ್ಳಿಗೆ ‘ಬಿರ್’ ಎಂದು ಹೆಸರು; ಆ ಹೆಸರೇ ಈ ನಾಣ್ಯಕ್ಕೂ ನಿಂತು, ಇಂದಿನ ಇಥಿಯೋಪಿಯದ ಕಾಗದದ ಹಣಕ್ಕೂ ಬಂದಿದೆ. ಅಂಚನ್ನು ಯಾರೂ ಅರೆದು ಕದಿಯದಂತೆ ಅದರ ಸುತ್ತಲೂ ಲ್ಯಾಟಿನ್ ಅಕ್ಷರಗಳನ್ನು ಕೆತ್ತಿದ್ದರು. ಅದರ ಅರ್ಥ ‘ನ್ಯಾಯವೂ ದಯೆಯೂ’ ಎಂದು. ನಾಣ್ಯವನ್ನು ಮೂಸೆಗೆ ಹಾಕಿದಾಗ ಮಿಕ್ಕ ಅಕ್ಷರಗಳೊಡನೆ ಇವೂ ಕರಗುತ್ತಿದ್ದವು.

ಗಿರಾಕಿಯೇ ನಾಣ್ಯಗಳನ್ನು ತಂದು ಅಕ್ಕಸಾಲಿಗನ ಕೈಗೆ ಕೊಡುವುದು ವಾಡಿಕೆಯಾಗಿತ್ತು. ಅಕ್ಕಸಾಲಿಗನ ಬಳಿ ಇದ್ದುದು ಬಹಳ ಸ್ವಲ್ಪ. ತಿದಿ, ಇದ್ದಿಲು, ಮಣ್ಣಿನ ಮೂಸೆ, ಇಕ್ಕಳ, ಊದುಗೊಳವೆ, ಸಣ್ಣ ಅಡಿಗಲ್ಲು, ತೂತುಗಳುಳ್ಳ ಕಂಬಿಯಚ್ಚು: ಇಷ್ಟರಲ್ಲಿಯೇ ಎಲ್ಲವೂ ಆಗಬೇಕು. ಕರಗಿದ ಬೆಳ್ಳಿಯನ್ನು ಕಡ್ಡಿಯಾಗಿ ಎರೆದು, ಬಡಿದು ನೀಳವಾಗಿಸಿ, ಕಂಬಿಯಚ್ಚಿನ ದೊಡ್ಡ ತೂತಿನಿಂದ ಸಣ್ಣ ತೂತಿಗೆ, ಅದರಿಂದ ಇನ್ನೂ ಸಣ್ಣದಕ್ಕೆ ಎಳೆಯುತ್ತ ಹೋದರೆ ಕೂದಲೆಳೆಯಷ್ಟು ತೆಳುವಾದ ತಂತಿಯಾಗುತ್ತದೆ. ನಡುನಡುವೆ ಅದನ್ನು ಬೆಂಕಿಗೆ ತೋರಿಸಿ ಮೆದುಮಾಡದಿದ್ದರೆ ತುಂಡಾಗುತ್ತದೆ. ಎರಡು ಎಳೆಗಳನ್ನು ಹೊಸೆದು, ಚಪ್ಪಟೆಮಾಡಿ, ಸುರುಳಿಸುತ್ತಿ, ಅದರಿಂದ ಹೂವುಗಳನ್ನೂ ಬಳ್ಳಿಗಳನ್ನೂ ಕಟ್ಟುವರು. ರವೆಗಳ ಕೆಲಸವು ಇದಕ್ಕಿಂತಲೂ ಸೋಜಿಗವಾದುದು. ಬೆಳ್ಳಿಯ ಚೂರುಗಳನ್ನು ಇದ್ದಿಲಿನ ಮೇಲೆ ಬೇರೆಬೇರೆಯಾಗಿಟ್ಟು ಊದಿದರೆ ಪ್ರತಿಯೊಂದು ಚೂರೂ ತಾನಾಗಿ ಗುಂಡಗೆ ಒಟ್ಟಾಗುತ್ತದೆ. ನೀರಿನ ಹನಿಯು ತಾವರೆಯ ಎಲೆಯ ಮೇಲೆ ಗುಂಡಗಾಗುವುದಕ್ಕೆ ಯಾವುದು ಕಾರಣವೋ ಅದೇ ಇದಕ್ಕೂ ಕಾರಣ. ಹೀಗೆ ಸಾಸಿವೆಯಷ್ಟು ಸಣ್ಣ ಗುಂಡುಗಳನ್ನು ಆರಿಸಿ, ಎರಡು ಪೊಳ್ಳು ಬಟ್ಟಲುಗಳನ್ನು ಸೇರಿಸಿ ಮಾಡಿದ ಸೂಜಿಯ ತಲೆಯ ಮೇಲೆ ಸಾಲಾಗಿ ಕೂಡಿಸಿ, ಬಿಳಿಗಾರವಿಟ್ಟು ಬೆಸೆಯುವರು. ಬೆಸುಗೆಯು ಕರಗಬೇಕು, ಗುಂಡು ಕರಗಬಾರದು. ಈ ಎರಡರ ನಡುವಣ ಅಂತರವು ಒಂದೆರಡು ಉಸಿರು ಊದುವಷ್ಟು ಮಾತ್ರ. ಉರಿಯ ಬಣ್ಣವೊಂದೇ ಅಕ್ಕಸಾಲಿಗನಿಗೆ ಅಳತೆ. ಒಂದು ಉಸಿರು ಹೆಚ್ಚಾದರೆ ಹಲವು ದಿವಸಗಳ ಕೆಲಸವು ಒಂದು ಮುದ್ದೆಯಾಗಿ ಕುಸಿದುಬೀಳುತ್ತದೆ.

ಕೆಲಸವು ಮುಗಿದ ಮೇಲೆ ಗಿರಾಕಿಯು ಆಭರಣವನ್ನು ತೂಗಿ ನೋಡುತ್ತಾನೆ. ಕೊಟ್ಟ ಬೆಳ್ಳಿಯು ಹಿಂದಕ್ಕೆ ಬಂದಿತೇ ಎಂಬುದು ಅವನ ಚಿಂತೆ. ಇಲ್ಲಿಯೇ ಧರ್ಮಜಿಜ್ಞಾಸೆಯ ಗಂಟು ಇರುವುದು. ಮೂರು ನಾಣ್ಯಗಳು ಮೂಸೆಗೆ ಹೋಗುವ ಮೊದಲು ಎಷ್ಟು ತೂಗಿದವೋ ಸೂಜಿಯಾಗಿ ಹೊರಗೆ ಬಂದ ಮೇಲೂ ಅಷ್ಟೇ ತೂಗಬೇಕು. ಹಾಗಾದರೆ ನಡುವೆ ಅದಕ್ಕೆ ಸೇರಿದುದೇನು? ತಕ್ಕಡಿಯು ಏನೂ ಇಲ್ಲವೆನ್ನುತ್ತದೆ. ಅಕ್ಕಸಾಲಿಗನ ಉಸಿರು, ಕಣ್ಣು, ಕಲಿತ ವಿದ್ಯೆ ಇವಾವುವೂ ಒಂದು ಗುಲಗಂಜಿಯಷ್ಟೂ ತೂಗುವುದಿಲ್ಲ.

ವಿನೋದವೇನೆಂದರೆ ಈ ವಿಷಯದಲ್ಲಿ ಸಾಲಕೊಡುವ ಸಾಹುಕಾರನಿಗೂ ವೇದಾಂತಿಗೂ ಒಂದೇ ಅಭಿಪ್ರಾಯವಿರುವಂತೆ ತೋರುತ್ತದೆ. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಮಣ್ಣು, ಚಿನ್ನ, ಉಗುರು ತೆಗೆಯುವ ಕಬ್ಬಿಣ ಇವುಗಳ ದೃಷ್ಟಾಂತಗಳನ್ನು ಕೊಟ್ಟು, ವಿಕಾರವೆಂಬುದು ಬರಿಯ ಹೆಸರು, ಮೂಲದ್ರವ್ಯವೊಂದೇ ಸತ್ಯವೆಂದು ತಿಳಿಸುತ್ತಾನೆ. ಬಳೆಯನ್ನು ಅಡವಿಟ್ಟುಕೊಳ್ಳುವ ಸಾಹುಕಾರನು ಹೇಳುವುದೂ ಇದನ್ನೇ! ಆದರೆ ಉದ್ದಾಲಕನ ಉದ್ದೇಶವು ಜಗತ್ತಿನ ಮೂಲವನ್ನು ಕುರಿತದ್ದು; ಕೂಲಿಯನ್ನು ಕುರಿತದ್ದಲ್ಲ. ಪರಮಾರ್ಥದ ದೃಷ್ಟಾಂತವನ್ನು ವ್ಯವಹಾರಕ್ಕೆ ತಂದು, ಚಿನ್ನವೇ ಸತ್ಯ, ಕೆಲಸವು ಮಿಥ್ಯೆ ಎಂದು ಸಾಧಿಸಹೊರಟರೆ ಅದು ಶಾಸ್ತ್ರವಲ್ಲ, ಜಿಪುಣತನ. ತರ್ಕಶಾಸ್ತ್ರವು ಇನ್ನೂ ಎಚ್ಚರಿಕೆಯಿಂದ ಮಾತನಾಡುತ್ತದೆ. ಗಡಿಗೆಗೆ ಮಣ್ಣು ಹೇಗೆ ಕಾರಣವೋ ಕುಂಬಾರನೂ ಹಾಗೆಯೇ ಕಾರಣನು. ಮಣ್ಣು ಗಡಿಗೆಯೊಳಗೆ ಉಳಿಯುತ್ತದೆ, ಕುಂಬಾರನು ಹೊರಗೆ ನಿಲ್ಲುತ್ತಾನೆ; ಅಷ್ಟರಿಂದ ಅವನ ಕಾರಣತ್ವವು ಕಡಿಮೆಯಾಗುವುದಿಲ್ಲ. ಬೆಳ್ಳಿಯು ಉಪಾದಾನಕಾರಣ, ಅಕ್ಕಸಾಲಿಗನು ನಿಮಿತ್ತಕಾರಣ. ತಕ್ಕಡಿಯು ಉಪಾದಾನವನ್ನು ಮಾತ್ರ ತೂಗಬಲ್ಲುದು. ತಕ್ಕಡಿಯ ಈ ಅಶಕ್ತಿಯನ್ನು ಮನುಷ್ಯರೂ ತಮ್ಮದಾಗಿ ಮಾಡಿಕೊಳ್ಳುವುದೇ ಇಲ್ಲಿನ ಅನ್ಯಾಯ.

ಆದರೆ ಇಥಿಯೋಪಿಯದಲ್ಲಿ ನಿಮಿತ್ತಕಾರಣವನ್ನು ಜನರು ಮರೆತಿದ್ದರೆಂದು ಹೇಳುವಂತೆಯೂ ಇಲ್ಲ. ಬೇಕಾದುದಕ್ಕಿಂತ ಹೆಚ್ಚಾಗಿಯೇ ನೆನೆದಿದ್ದರು. ನೆನೆದ ರೀತಿಯು ಮಾತ್ರ ವಿಪರೀತವಾಗಿತ್ತು. ಕೈಕೆಲಸದವರನ್ನು ‘ತಬೀಬ್’ ಎಂದು ಕರೆಯುತ್ತಿದ್ದರು. ಮಾತಿನ ಮೂಲಾರ್ಥವು ಬಲ್ಲವನು, ಕುಶಲನು ಎಂದು. ಅದೇ ಮಾತು ಬಾಯಿಂದ ಬಾಯಿಗೆ ಬೈಗುಳವಾಗಿ ಹೋಯಿತು. ಬೆಂಕಿಯಲ್ಲಿ ಲೋಹವನ್ನು ಮಾರ್ಪಡಿಸಬಲ್ಲವನು ತನ್ನನ್ನೂ ಮಾರ್ಪಡಿಸಿಕೊಳ್ಳಬಲ್ಲನೆಂದು ಜನರು ನಂಬಿದ್ದರು. ಕಮ್ಮಾರನು ರಾತ್ರಿಯಲ್ಲಿ ಕತ್ತೆಕಿರುಬನಾಗಿ ಅಲೆಯುವನು, ಅವನ ದೃಷ್ಟಿ ತಗುಲಿದ ಮಗು ಸೊರಗುವುದು ಎಂಬ ಮಾತು ಹಳ್ಳಿಹಳ್ಳಿಗಳಲ್ಲಿ ಹರಡಿತ್ತು. ಈ ಕೆಟ್ಟ ದೃಷ್ಟಿಗೂ ಅದುಳ್ಳವನಿಗೂ ‘ಬುದಾ’ ಎಂದು ಹೆಸರು. ಕಬ್ಬಿಣದ ಕೆಲಸದವನ ಮೇಲೆ ಈ ಶಂಕೆಯು ಗಾಢವಾಗಿತ್ತು, ಬೆಳ್ಳಿ ಬಂಗಾರದವನ ಮೇಲೆ ಅಷ್ಟಿರಲಿಲ್ಲ. ಆದರೂ ಒಂದೇ ಕುಲುಮೆಯ ಹೊಗೆಯು ಇಬ್ಬರಿಗೂ ತಗುಲಿತ್ತು. ಗೊಂದರ್ ಸೀಮೆಯಲ್ಲಿ ಕಮ್ಮಾರಿಕೆ, ಕುಂಬಾರಿಕೆ, ನೇಯ್ಗೆಗಳಲ್ಲಿ ಹೆಸರಾಗಿದ್ದವರು ಬೇತ ಇಸ್ರಾಯೇಲರು, ಎಂದರೆ ಯಹೂದ್ಯ ಧರ್ಮವನ್ನು ಅನುಸರಿಸುತ್ತಿದ್ದವರು. ನೆಲದ ಹಕ್ಕು ಕೈತಪ್ಪಿದವರಿಗೆ ಕೈಕೆಲಸವೊಂದೇ ಗತಿಯಾಯಿತು. ಆಮೇಲೆ ಕೈಕೆಲಸದವರೆಂಬುದೇ ಅವರನ್ನು ಹಳಿಯುವುದಕ್ಕೆ ಕಾರಣವಾಯಿತು. ಮೊದಲು ಒಬ್ಬನನ್ನು ಹಳ್ಳಕ್ಕೆ ನೂಕಿ, ಆಮೇಲೆ ಮೈಗೆ ಕೆಸರಾಗಿದೆಯೆಂದು ದೂರುವ ಈ ನ್ಯಾಯವು ಯಾವ ಒಂದು ದೇಶದ ಸ್ವತ್ತೂ ಅಲ್ಲ.

ಇದರಲ್ಲಿ ಅಡಗಿರುವ ವೈಚಿತ್ರ್ಯವನ್ನು ನೋಡಬೇಕು. ಬುದಾ ದೃಷ್ಟಿಯು ತಗುಲದಿರಲೆಂದು ತಾಯಂದಿರು ಮಕ್ಕಳ ಕೊರಳಿಗೆ ತಾಯಿತವನ್ನು ಕಟ್ಟುತ್ತಿದ್ದರು. ಮಂತ್ರವನ್ನು ಬರೆಯುವವನು ದೆಬ್ತೆರಾ ಎಂಬ ಗುಡಿಯ ಪಂಡಿತ. ಆದರೆ ಅದನ್ನಿಡುವ ಬೆಳ್ಳಿಯ ಕರಡಿಗೆಯನ್ನೂ ‘ತೆಲ್ಸುಂ’ ಎಂಬ ಬೆಳ್ಳಿಯ ತಾಯಿತಬಿಲ್ಲೆಯನ್ನೂ ಮಾಡುವವನು ಲೋಹಕಾರನೇ. ಯಾವ ಕಸುಬಿನವರ ಕಣ್ಣಿಗೆ ಹೆದರುತ್ತಿದ್ದರೋ ಆ ಕಸುಬಿನ ಕೈಯಿಂದಲೇ ರಕ್ಷೆಯನ್ನು ಪಡೆಯುತ್ತಿದ್ದರು. ಮದುವಣಗಿತ್ತಿಯ ಮುಡಿಗೆ, ದೇಹದಲ್ಲೆಲ್ಲ ದೃಷ್ಟಿಗೆ ಮೊದಲು ಬೀಳುವ ಆ ಸ್ಥಾನಕ್ಕೆ, ಅವನು ಮಾಡಿದ ಸೂಜಿಯು ಏರುತ್ತಿತ್ತು. ಕೈಯು ಮೈಲಿಗೆಯಾದರೆ ಕೈಯ ಕೆಲಸವು ಮಡಿಯಾದುದು ಯಾವ ಘಳಿಗೆಯಲ್ಲಿ? ಬೆಂಕಿಯು ಎಲ್ಲವನ್ನೂ ಶುದ್ಧಿಮಾಡುತ್ತದೆ ಎಂದು ಉತ್ತರ ಕೊಡಬಹುದು. ಹಾಗಿದ್ದರೆ ದಿನವಿಡೀ ಬೆಂಕಿಯ ಮುಂದೆ ಕುಳಿತವನಿಗಿಂತ ಶುದ್ಧನಾದವನು ಯಾರು?

ಪ್ಲೂಟಾರ್ಕನ ಪಕ್ಷದವರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಕೂಲಿಯನ್ನು ಕೊಟ್ಟಾಯಿತಷ್ಟೆ, ಮತ್ತೇನು ಬಾಕಿ? ಗೌರವವೆಂಬುದು ಗುಣಕ್ಕೆ ಸಲ್ಲತಕ್ಕದ್ದು, ಕೌಶಲಕ್ಕಲ್ಲ, ದುರ್ಜನನೂ ಕುಶಲನಾಗಿರಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚೆನ್ನಾಗಿ ಸೂಜಿ ಮಾಡಿದವನು ಸತ್ಪುರುಷನೇ ಆಗಿರಬೇಕೆಂಬ ನಿಯಮವಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಸತ್ಪುರುಷನೆಂಬ ಬಿರುದನ್ನಲ್ಲ. ಕೂಲಿಯು ಕೆಲಸಕ್ಕೆ ಸಲ್ಲುತ್ತದೆ, ಸರಿ. ಅವಮಾನವನ್ನೂ ಕೂಲಿಯೊಡನೆ ಸೇರಿಸಿ ಕೊಡುವ ಅಧಿಕಾರವು ಕೊಂಡವನಿಗೆ ಎಲ್ಲಿಂದ ಬಂದಿತೆಂಬುದೇ ಪ್ರಶ್ನೆ. ಕುಶಲನಾದವನು ದುರ್ಜನನಾಗಿರಬಹುದು ಎಂಬ ಮಾತಿನಿಂದ, ಕುಶಲನಾದುದರಿಂದಲೇ ಅವನು ದುರ್ಜನನು ಎಂಬ ತೀರ್ಮಾನವು ಹೊರಡುವುದಿಲ್ಲ. ಬುದಾ ಎಂದು ಹೆಸರಿಟ್ಟವರು ಮಾಡಿದುದು ಈ ಎರಡನೆಯದನ್ನು.

ಇಥಿಯೋಪಿಯದಲ್ಲಿಯೇ ಒಬ್ಬ ದೊರೆಯು ಇದನ್ನು ಕಂಡುಕೊಂಡನು. ಚಕ್ರವರ್ತಿ ಎರಡನೆಯ ಮೆನೆಲಿಕನು 1908ರಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ, ಕಮ್ಮಾರ, ನೇಕಾರ ಮೊದಲಾದವರನ್ನು ಅವರ ಕಸುಬಿಗಾಗಿ ಹಳಿಯುವುದನ್ನು ನಿಷೇಧಿಸಿದನು. ಹೀಗೆ ಹಳಿಯುತ್ತ ಹೋದರೆ ನೇಗಿಲನ್ನು ಮಾಡಿಕೊಡುವವನು ಕೂಡ ದೇಶದಲ್ಲಿ ಉಳಿಯುವುದಿಲ್ಲವೆಂಬುದು ಅವನು ಕೊಟ್ಟ ಕಾರಣ. ಆಜ್ಞೆಯು ಸ್ತುತ್ಯವಾದುದು. ಆದರೆ ಕಾರಣವನ್ನು ಸ್ವಲ್ಪ ನಿಂತು ನೋಡಬೇಕು. ನೇಗಿಲಿಲ್ಲದೆ ಬಾಳಲಾಗದು, ಆದುದರಿಂದ ನೇಗಿಲು ಮಾಡುವವನನ್ನು ಬೈಯಬೇಡಿರಿ ಎಂದರೆ, ಮುಡಿಯ ಸೂಜಿಯನ್ನು ಮಾಡುವವನ ಪಾಡೇನು? ಬೆಳ್ಳಿಯ ಸೂಜಿಯಿಲ್ಲದೆ ಯಾರ ಹೊಟ್ಟೆಯೂ ಬರಿದಾಗುವುದಿಲ್ಲ. ಮರದ ಕಡ್ಡಿಯೂ ಹೆರಳನ್ನು ಹಿಡಿಯುತ್ತದೆ, ತುರಿಕೆಯನ್ನೂ ಕಳೆಯುತ್ತದೆ. ಗೌರವಕ್ಕೆ ಉಪಯೋಗವೇ ಆಧಾರವಾದರೆ ಅಕ್ಕಸಾಲಿಗನು ಕಮ್ಮಾರನಿಗಿಂತಲೂ ದುರ್ಬಲನಾಗುತ್ತಾನೆ.

ಆದುದರಿಂದ ಆಧಾರವನ್ನು ಬೇರೆ ಕಡೆ ಹುಡುಕಬೇಕು. ಮರದ ಕಡ್ಡಿಯು ಸಾಕಾಗಿರುವಾಗ ಬೆಳ್ಳಿಯ ತಲೆಯ ಮೇಲೆ ನೂರು ರವೆಗಳನ್ನು ಕೂಡಿಸಿದವನು ಬೇಕಾದುದಕ್ಕಿಂತ ಹೆಚ್ಚನ್ನು ಕೊಟ್ಟಿದ್ದಾನೆ. ಆ ಹೆಚ್ಚಿನ ಭಾಗವನ್ನು ಯಾರೂ ಅವನಿಂದ ಬಲಾತ್ಕಾರದಿಂದ ಪಡೆಯಲಾರರು. ಬೆದರಿಸಿ ನೇಗಿಲನ್ನು ಮಾಡಿಸಬಹುದು. ಕರಗುವುದಕ್ಕೂ ಬೆಸೆಯುವುದಕ್ಕೂ ನಡುವಣ ಆ ಒಂದು ಉಸಿರನ್ನು ಬೆದರಿಸಿ ಊದಿಸುವುದು ಆಗದ ಮಾತು. ಯಾವಳೋ ಕಾಣದ ಹೆಣ್ಣಿನ ತಲೆಯ ಹಿಂಬದಿಯಲ್ಲಿ, ಅವಳಿಗೇ ಕಾಣಿಸದ ಎಡೆಯಲ್ಲಿ ನಿಲ್ಲತಕ್ಕ ವಸ್ತುವಿಗೆ ಅಷ್ಟು ಮನಸ್ಸಿಟ್ಟು ದುಡಿದವನಲ್ಲಿ ಮನುಷ್ಯತ್ವವನ್ನು ಕಾಣದವನು ಸೂಜಿಯನ್ನೂ ನಿಜವಾಗಿ ಕಂಡವನಲ್ಲ. ಅವನಿಗೆ ಕಂಡುದು ಬೆಳ್ಳಿ ಮಾತ್ರ. ಪ್ಲೂಟಾರ್ಕನ ತಪ್ಪು ಇರುವುದೂ ಇಲ್ಲಿಯೇ. ಕೃತಿಯನ್ನು ಮೆಚ್ಚುವುದು, ಕರ್ತೃವನ್ನು ಕಾಣುವುದು ಎರಡು ಬೇರೆಬೇರೆ ಕ್ರಿಯೆಗಳೆಂದು ಅವನು ತಿಳಿದನು.

ಹೀಗೆಂದು ಹಳೆಯ ಒಡವೆಗಳನ್ನೆಲ್ಲ ಕರಗಿಸದೆ ಪೂಜಿಸಬೇಕೆಂದು ಅರ್ಥವಲ್ಲ. ತಾಯಿಯ ಸೂಜಿಯನ್ನು ಕರಗಿಸಿ ಮಗಳಿಗೆ ಹೊಸ ಮಾದರಿಯದನ್ನು ಮಾಡಿಸುವುದು ಅಲ್ಲಿಯೂ ನಡೆಯುತ್ತಿತ್ತು, ಕನ್ನಡ ನಾಡಿನ ಮನೆಗಳಲ್ಲಿಯೂ ನಡೆಯುತ್ತದೆ. ಬರಗಾಲದಲ್ಲಿ ಒಡವೆಯು ಧಾನ್ಯವಾಗಬೇಕು. ಅದಕ್ಕಾಗಿಯೇ ಜನರು ಬೆಳ್ಳಿಯನ್ನು ಮೈಮೇಲೆ ಹೊತ್ತರು. ಒಬ್ಬ ಅಕ್ಕಸಾಲಿಗನ ಕೆಲಸವನ್ನು ಇನ್ನೊಬ್ಬ ಅಕ್ಕಸಾಲಿಗನೇ ಮೂಸೆಗೆ ಹಾಕುವನು, ಅದರಲ್ಲಿ ವೈರವಿಲ್ಲ. ಕರಗಿಸುವ ಮೊದಲು ಅವನು ಅದನ್ನು ಹೊರಳಿಸಿ ನೋಡುತ್ತಾನೆ. ಬೆಸುಗೆ ಎಲ್ಲಿದೆ, ತಂತಿಯನ್ನು ಹೇಗೆ ತಿರುವಿದ್ದಾನೆ ಎಂಬುದು ಅವನಿಗೆ ತಿಳಿಯುತ್ತದೆ.

ಕರಗಿಸದೆ ಉಳಿಸಿದ ಮಾತ್ರಕ್ಕೆ ನ್ಯಾಯವಾಯಿತೆನ್ನುವುದೂ ಸುಲಭವಲ್ಲ. 1867ರ ಕೊನೆಯಲ್ಲಿ ತೆವೊದ್ರೋಸನನ್ನು ಶಿಕ್ಷಿಸುವುದಕ್ಕೆಂದು ಜನರಲ್ ನೇಪಿಯರನ ಸೈನ್ಯವು ಮುಂಬಯಿಯಿಂದ ಹೊರಟಿತು. ಅದರಲ್ಲಿ ಹಿಂದೂಸ್ತಾನದ ಸಿಪಾಯಿಗಳೇ ಹೆಚ್ಚಾಗಿದ್ದರು. 44 ಆನೆಗಳೂ ಹಡಗು ಹತ್ತಿದ್ದವು. ದಾರಿಯಲ್ಲಿ ಧಾನ್ಯವನ್ನೂ ಹುಲ್ಲನ್ನೂ ಕೊಳ್ಳುವುದಕ್ಕೆ 1780ರ ಥಾಲರುಗಳನ್ನೇ ಒದಗಿಸಿಕೊಂಡು ಹೋಗಬೇಕಾಯಿತು. ಮಗ್ದಾಲದ ಕೋಟೆಯು ಬಿದ್ದಿತು, ಚಕ್ರವರ್ತಿಯು ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು. ಕಿರೀಟ, ಶಿಲುಬೆ, ಗ್ರಂಥ, ರಾಣಿಯ ಉಡುಪು ಒಡವೆಗಳು ಸೂರೆಯಾಗಿ, ಬಯಲಿನಲ್ಲಿ ಹರಾಜಾದವು. 2018ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು ಅವುಗಳಲ್ಲಿ ಕೆಲವನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ತೋರಿಸಿತು. ಮರುವರ್ಷ, 2019ರಲ್ಲಿ, ಅಲ್ಲಿನ ಸೈನಿಕ ವಸ್ತುಸಂಗ್ರಹಾಲಯವು ತನ್ನಲ್ಲಿದ್ದ ತೆವೊದ್ರೋಸನ ಕೂದಲಿನ ಎಳೆಗಳನ್ನು ಇಥಿಯೋಪಿಯಕ್ಕೆ ಹಿಂದಿರುಗಿಸಿತು. ಕೂದಲು ದೇಹದ ಭಾಗ, ಒಡವೆಯು ಹಾಗಲ್ಲ, ಎಂದು ಭೇದವೆಣಿಸುವವರುಂಟು. ಹೆರಳನ್ನೂ ಸೂಜಿಯನ್ನೂ ಒಟ್ಟಿಗೆ ಕಂಡವರಿಗೆ ಆ ಭೇದವು ಅಷ್ಟು ಸ್ಪಷ್ಟವಾಗಿ ತೋರಲಾರದು.

ನಾಣ್ಯದ ಕಥೆಯು ಬೇಗ ಮುಗಿಯಿತು. 1935ರಲ್ಲಿ ಮುಸೊಲಿನಿಯು ಥಾಲರಿನ ಅಚ್ಚುಗಳನ್ನು ವಿಯೆನ್ನಾದಿಂದ ರೋಮಿಗೆ ತರಿಸಿಕೊಂಡು, ತಾನು ಗೆಲ್ಲಹೊರಟ ದೇಶಕ್ಕೆ ತಾನೇ ನಾಣ್ಯವನ್ನು ಹಾಕಿಸಿದನು. ಅದಕ್ಕೆ ಎದುರಾಗಿ ಆಂಗ್ಲರು ಲಂಡನ್ನಿನಲ್ಲಿಯೂ, 1940 ಮತ್ತು 1941ರಲ್ಲಿ ಮುಂಬಯಿಯ ಟಂಕಸಾಲೆಯಲ್ಲಿಯೂ ಅದೇ ರಾಣಿಯ ಮುಖವನ್ನು ಅಚ್ಚುಹಾಕಿಸಿದರು. 1945ರಲ್ಲಿ ಇಥಿಯೋಪಿಯವು ತನ್ನದೇ ಹೊಸ ಹಣವನ್ನು ಜಾರಿಗೆ ತಂದಮೇಲೆ ಥಾಲರು ಚಲಾವಣೆಯಿಂದ ಹಿಂದೆ ಸರಿದು ಮೂಸೆಗೂ ಕೊರಳ ಹಾರಕ್ಕೂ ಮೀಸಲಾಯಿತು.

ಕೈಗಳ ಕಥೆಯು ಬೇರೆ ದಾರಿ ಹಿಡಿಯಿತು. 1984ರ ಕೊನೆಯಿಂದ 1985ರ ಮೊದಲಿನವರೆಗೆ ಸಾವಿರಾರು ಬೇತ ಇಸ್ರಾಯೇಲರನ್ನು ಸುಡಾನಿನ ಮೂಲಕ ವಿಮಾನಗಳಲ್ಲಿ ಇಸ್ರೇಲಿಗೆ ಒಯ್ಯಲಾಯಿತು. 1991ರ ಮೇ ತಿಂಗಳಿನಲ್ಲಿ ಎರಡು ದಿವಸಗಳೊಳಗಾಗಿ ಅದಿಸ್ ಅಬಾಬದಿಂದ 14,000ಕ್ಕೂ ಹೆಚ್ಚು ಮಂದಿ ಹೊರಟುಹೋದರು. ಕತ್ತೆಕಿರುಬರೆಂದು ಯಾರನ್ನು ದೂರವಿಟ್ಟಿದ್ದರೋ ಅವರು ನಿಜವಾಗಿಯೇ ದೂರವಾದರು. ಗೊಂದರಿನ ಹತ್ತಿರದ ವೊಲ್ಲೆಕ ಎಂಬ ಹಳ್ಳಿಯಲ್ಲಿ ಅವರು ಮಾಡುತ್ತಿದ್ದ ಮಾದರಿಯ ಮಣ್ಣಿನ ಬೊಂಬೆಗಳನ್ನು ಅವರ ನಂತರ ನೆರೆಹೊರೆಯವರೇ ಮಾಡಿ ಪ್ರವಾಸಿಗಳಿಗೆ ಮಾರುವಂತಾಯಿತು. ಪಟ್ಟಣದ ಮದುವಣಗಿತ್ತಿಯರು ಈಗ ಬಂಗಾರವನ್ನು ಬಯಸುತ್ತಾರೆ. ಹಳೆಯ ಬೆಳ್ಳಿಯ ಸೂಜಿಗಳೂ ಗುಗ್ಗೆಕಡ್ಡಿಗಳೂ ಶಿಲುಬೆಗಳೂ ಅದಿಸ್ ಅಬಾಬದ ಅಂಗಡಿಗಳಲ್ಲಿ ಪ್ರವಾಸಿಗಳ ಮುಂದೆ ರಾಶಿಯಾಗಿ ಬೀಳುತ್ತವೆ. ಕೊಳ್ಳುವವರು ಅದು ಎಷ್ಟು ಹಳೆಯದು, ಯಾವ ಸೀಮೆಯದು ಎಂದು ಕೇಳುತ್ತಾರೆ. ಅಂಗಡಿಯವನು ಉತ್ತರ ಹೇಳುತ್ತ ಅದನ್ನು ತಕ್ಕಡಿಯಲ್ಲಿಟ್ಟು ಗ್ರಾಮಿಗೆ ಇಷ್ಟೆಂದು ಲೆಕ್ಕಹಾಕುತ್ತಾನೆ.